ಸಕ್ಕರಿ ಇಳೀತು, ಕೈ ಯಾಕ ಇನ್ನೂ ಬಿರುಸು?

ಕಲಬುರಗಿಯಲ್ಲಿ ನಂದೊಂದು ಸಣ್ಣ ಮೆಡಿಕಲ್ ಅಂಗಡಿ. ಕೌಂಟರ್ ಮೇಲೆ ರಿಪೋರ್ಟ್ ಇಟ್ಟು ಜನ ಕೇಳುವುದು ಇದೇ: “ಅಣ್ಣಾರ, ಸಕ್ಕರಿ ಈಗ ನಾರ್ಮಲ್ ಬಂದದ. ಕೈ ಚರ್ಮ ಯಾಕ ಇನ್ನೂ ಹಿಂಗ ಬಿರುಸು ಅದ?” ಈಚೆಗೆ ಅದಕ್ಕೊಂದು ಬಾಲವೂ ಸೇರಿದೆ: “ಕೊಲಾಜನ್ ಪೌಡರ್ ಅದ ಏನ್ರೀ?”

ಉತ್ತರ ನನಗೆ ಸಿಕ್ಕಿದ್ದು ಅವ್ವನ ಕೈಯಲ್ಲಿ. ಇಪ್ಪತ್ತು ವರ್ಷದ ಶುಗರ್ ಆಕೆಯದು. ಜೋಳದ ರೊಟ್ಟಿ ಬಡಿಯುವಾಗ ಕಿರುಬೆರಳು ಹಿಟ್ಟಿಗೆ ತಾಗುವುದನ್ನೇ ಬಿಟ್ಟಿತ್ತು. ರೊಟ್ಟಿಯ ಒಂದು ಅಂಚು ದಪ್ಪ ಉಳಿಯುತ್ತಿತ್ತು. “ಈ ಜ್ವಾಳಕ್ಕ ಜಿಗಿನೇ ಇಲ್ಲ” ಅಂತ ಜೋಳವನ್ನು ಬೈಯುತ್ತಿದ್ದಳು. ಒಂದು ದಿನ ಮನೆಗೆ ಬಂದವರಿಗೆ ಶರಣು ಅಂತ ಕೈ ಮುಗಿದಾಗ ಕಂಡೆ: ಅಂಗೈ ಕೂಡಿದ್ದವು, ಬೆರಳುಗಳ ನಡುವೆ ಸಂದು. ಬೆರಳ ಹಿಂಬದಿಯ ಚರ್ಮ ಮೇಣ ಸವರಿದಂತೆ ದಪ್ಪ, ಚಿವುಟಿದರೆ ಮಡಿಕೆ ಬೀಳದು. ಡಾಕ್ಟರೂ ಹೀಗೇ ಕೈ ಮುಗಿಸಿ ನೋಡುತ್ತಾರೆ. ಅವರ ಭಾಷೆಯಲ್ಲಿ ಅದು ‘ಪ್ರೇಯರ್ ಸೈನ್’.

ಹಂಚಿನ ಮೇಲೆ ರೊಟ್ಟಿಗೆ ಕಂದು ಚುಕ್ಕಿ ಬೀಳುತ್ತದಲ್ಲ, ಅದು ಸಕ್ಕರೆಯೂ ಪ್ರೋಟೀನೂ ಬೆರೆತು ಆಗುವ ಕೆಲಸ. ಫ್ರಾನ್ಸಿನ ವಿಜ್ಞಾನಿ ಮಯಾರ್ 1912ರಲ್ಲಿ ಅದನ್ನು ವಿವರಿಸಿದ. ಮೈಯೊಳಗೂ ಅದೇ ನಡೆಯುತ್ತದೆ, ಹಂಚಿಲ್ಲದೆ, 37 ಡಿಗ್ರಿಯಲ್ಲಿ, ಬಹಳ ನಿಧಾನಕ್ಕೆ. ಕೊಲಾಜನ್ ಅಂದರೆ ಚರ್ಮಕ್ಕೆ ಬಲ ಕೊಡುವ ಪ್ರೋಟೀನು, ಮೂರು ಎಳೆ ಹೊಸೆದ ಹಗ್ಗದಂಥದ್ದು. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಅದು ಹಗ್ಗಕ್ಕೆ ಅಂಟಿ, ಪಕ್ಕದ ಹಗ್ಗಕ್ಕೂ ಗಂಟು ಹಾಕುತ್ತದೆ. ಬೆಲ್ಲದ ಪಾಕ ಬಿದ್ದು ಒಣಗಿದ ಮಿಣಿಯನ್ನು ಬಾಗಿಸಿ ನೋಡಿ, ಗೊತ್ತಾಗುತ್ತದೆ.

ನೀವು ತರುವ ಮೂರು ತಿಂಗಳ ಶುಗರ್ ರಿಪೋರ್ಟಿಗೆ ನೆನಪು ಕಮ್ಮಿ. ಅದು ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ಆ ಕಣ ಬದುಕುವುದೇ ಸುಮಾರು 120 ದಿನ, ಅದರ ಜೊತೆಗೆ ಅಂಟಿದ ಸಕ್ಕರೆಯೂ ಹೋಯಿತು. ಚರ್ಮದ ಕೊಲಾಜನ್ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕು. ನೀವು ಮಾತ್ರೆ ತಪ್ಪಿಸಿದ ವರ್ಷಗಳೆಲ್ಲ ಅಲ್ಲಿ ಕೂತಿವೆ.

ಹಾಗಾದರೆ ಪೌಡರ್? ಹೊಟ್ಟೆಗೆ ಹೋದ ಕೊಲಾಜನ್ ತುಂಡು ತುಂಡಾಗುತ್ತದೆ. ಹಳೆಯ ಗಂಟನ್ನು ಅದು ಬಿಚ್ಚುವುದಿಲ್ಲ. ಬಿಚ್ಚುವ ಮಾತ್ರೆ ಯಾವ ಅಂಗಡಿಗೂ ಇನ್ನೂ ಬಂದಿಲ್ಲ. ಪೌಡರ್ ನನ್ನಲ್ಲಿದೆ, ಆದರೆ ಇದಕ್ಕಂತ ಕೇಳಿದವರಿಗೆ ಕೊಡುವುದಿಲ್ಲ. ಸಕ್ಕರೆ ಹತೋಟಿಯಲ್ಲಿದ್ದರೆ ಹೊಸ ಗಂಟು ಬೀಳುವುದು ಕಮ್ಮಿಯಾಗುತ್ತದೆ, ಅಷ್ಟು ಸತ್ಯ.

ಕುತ್ತಿಗೆ ಕಪ್ಪಾಗುವುದು ಬೇರೆ ಕತೆ. ಅದು ಸಾಮಾನ್ಯವಾಗಿ ಇನ್ಸುಲಿನ್ ಹೆಚ್ಚಿದ್ದರ ಗುರುತು, ಕೊಳೆಯಲ್ಲ, ತಿಕ್ಕಬೇಡಿ.

ನನಗೆ ಹೆಚ್ಚು ಭಯ ಕಾಲಿನದು. ಬೆವರಿಸುವ ನರ ಸೋತರೆ ಹಿಮ್ಮಡಿ ಒಣಗಿ ಬಿರಿಯುತ್ತದೆ. ನೋವಿನ ನರವೂ ಸೋತರೆ ಬಿರಿದದ್ದೇ ತಿಳಿಯದು. ನಮ್ಮೂರ ಏಪ್ರಿಲ್ ಬಿಸಿಲಿಗೆ ಕಾದ ಶಹಾಬಾದ್ ಪರಸಿಯ ಮೇಲೆ ಬರಿಗಾಲಲ್ಲಿ ನಿಂತು “ಏನೂ ಸುಡಂಗಿಲ್ಲ” ಅನ್ನುವವರನ್ನು ಕಂಡರೆ ನನ್ನ ಎದೆ ಝಲ್ಲೆನ್ನುತ್ತದೆ. ಯೂರಿಯಾ ಇರುವ ಕ್ರೀಮನ್ನು ಹಿಮ್ಮಡಿಗೆ ಹಚ್ಚಿ, ಬೆರಳ ಸಂದಿಗೆ ಬೇಡ. ದಿನಾ ಅಂಗಾಲು ನೋಡಿಕೊಳ್ಳಿ, ಕಾಣದಿದ್ದರೆ ಕನ್ನಡಿ ಹಿಡಿಯಿರಿ.

ಅವ್ವ ಈಗ ಸಂಜೆ ತಂಪು ಹೊತ್ತಿಗೆ ಪಡಸಾಲೆಯ ಪರಸಿಗೆ ಅಂಗೈ ಒತ್ತಿ ಹಿಡಿಯುತ್ತಾಳೆ, ಫಿಸಿಯೋದವರು ಹೇಳಿಕೊಟ್ಟಂತೆ. ಕಿರುಬೆರಳು ಇನ್ನೂ ಪೂರ್ತಿ ತಾಗಿಲ್ಲ. ಜೋಳವನ್ನು ಬೈಯುವುದಂತೂ ನಿಂತಿದೆ.