ಹುಲಾ ಕಲಿಕೆ, ಐದನೇ ತಿಂಗಳು: ಕನ್ನಡದಲ್ಲಿ ಬರೆದುಕೊಂಡ ಮೆಲೆ (ಹುಲಾ ಹಾಡು)

ಹವಾಯಿಯ ಕುಣಿತ ಹುಲಾದ ಕಾಹೊಲೊ ಹೆಜ್ಜೆ ಈ ತಿಂಗಳು ಕೊನೆಗೂ ಕೂತಿತು. ಬಲಕ್ಕೆ ನಾಲ್ಕು ಎಣಿಕೆ, ಎಡಕ್ಕೆ ನಾಲ್ಕು, ಅಷ್ಟೇ. ಆದರೆ ಮಂಡಿ ಬಾಗಿಯೇ ಇರಬೇಕು, ತಲೆ ಕುಣಿಯಬಾರದು. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಆರು ವರ್ಷ ಭರತನಾಟ್ಯ ಕಲಿತಿದ್ದೆ, ಹಾಗಾಗಿ ಮಂಡಿ ಬಾಗಿದ ಕೂಡಲೇ ಪಾದ ಅರೆಮಂಡಿಗೆ ಹೋದ ಹಾಗೆ ಹೊರಕ್ಕೆ ತಿರುಗಿಬಿಡುತ್ತದೆ. ಇಲ್ಲಿ ಪಾದ ನೇರ ಮುಂದಕ್ಕೆ. ಅಡುಗೆಮನೆ ನೆಲದ ಮೇಲೆ ಎರಡು ಗೆರೆ ಟೇಪ್ ಅಂಟಿಸಿ, ಮೂರು ವಾರ ಅದರ ಮೇಲೇ ಓಡಾಡಿದೆ.

ಹೊಸದಾಗಿ ಓದುತ್ತಿರುವವರಿಗೆ: ಅಮ್ಮ ಮೈಸೂರಿನವರು, ಅಪ್ಪ ಹವಾಯಿಯ ಹಿಲೊ ಊರಿನವರು. ನಾನು ಬೆಳೆದದ್ದು ಮೈಸೂರಿನಲ್ಲಿ. ಕಳೆದ ವರ್ಷ ಹಿಲೊಗೆ ಬಂದು ಅಪ್ಪನ ಅಮ್ಮನ ಜೊತೆ ಇದ್ದೇನೆ. ಇಲ್ಲಿ ಅಜ್ಜಿಯನ್ನು ಟೂಟೂ ಅಂತ ಕರೆಯುತ್ತಾರೆ.

ನಮ್ಮ ಹಾಲೌನಲ್ಲಿ, ಅಂದರೆ ಹುಲಾ ಶಾಲೆಯಲ್ಲಿ, ಮೊದಲು ಮಾತು, ಆಮೇಲೆ ಕುಣಿತ. ಮೆಲೆಯ ಸಾಲು ಬಾಯಿಗೆ ಬರದೆ, ಅರ್ಥ ಗೊತ್ತಾಗದೆ ಕೈ ಎತ್ತುವ ಹಾಗಿಲ್ಲ. ಅದು ಸರಿಯೇ. ಕೈ ಹೇಳುವುದು ಆ ಮಾತನ್ನೇ ಅಲ್ವಾ? ಜೊತೆಗೆ ಕಾಹೆಅ ಇದೆ. ಒಂದು ನುಡಿ ಮುಗಿಯುವಾಗ ಮುಂದಿನ ನುಡಿಯ ಮೊದಲ ಮಾತನ್ನು ನಾವೇ ಜೋರಾಗಿ ಕೂಗಬೇಕು. ಮೊದಲ ಎರಡು ತಿಂಗಳು ಕುಮು, ಅಂದರೆ ಗುರು, ಇಪು ಹೆಕೆ (ಎರಡು ಸೋರೆಬುರುಡೆ ಸೇರಿಸಿ ಮಾಡಿದ ವಾದ್ಯ) ಬಡಿಯುತ್ತಿದ್ದರೆ ನನ್ನ ಗಂಟಲೇ ಏಳುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಕನ್ನಡದಿಂದ. ಹವಾಯಿ ಭಾಷೆಯಲ್ಲಿ ಐದು ಸ್ವರ, ಐದಕ್ಕೂ ಹ್ರಸ್ವ ದೀರ್ಘ. ಅ ಆ, ಇ ಈ, ಉ ಊ, ಎ ಏ, ಒ ಓ. ನಮ್ಮ ವರ್ಣಮಾಲೆಯಲ್ಲಿ ಎಲ್ಲವೂ ಇವೆ! ದೀರ್ಘ ತಪ್ಪಿದರೆ ಅರ್ಥವೇ ಬೇರೆ. ಪೌ ಅಂದರೆ ಮುಗಿಯಿತು, ಪಾಊ ಅಂದರೆ ನಾವು ತೊಡುವ ಹುಲಾ ಲಂಗ. ಪಾ ಆದಮೇಲೆ ಗಂಟಲನ್ನು ಒಂದು ಗಳಿಗೆ ತಡೆದು ಊ ಅನ್ನಬೇಕು, ಆ ತಡೆಗೆ ನಮ್ಮಲ್ಲಿ ಅಕ್ಷರ ಇಲ್ಲ, ಅಲ್ಲಿ ಕೆಂಪು ಚುಕ್ಕೆ ಇಡುತ್ತೇನೆ. ಈಗ ಇಡೀ ಮೆಲೆ ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿದೆ.

ಹುಲಾ ಸುಮ್ನೆ ಉಳಿದುಕೊಂಡು ಬಂದದ್ದಲ್ಲ. 1830ರಲ್ಲಿ ರಾಣಿ ಕಅಹುಮನು ಬಹಿರಂಗ ಹುಲಾವನ್ನು ನಿಷೇಧಿಸಿದ್ದರು. 1883ರಲ್ಲಿ ರಾಜ ಕಲಾಕೌಅ ತಮ್ಮ ಪಟ್ಟಾಭಿಷೇಕದಲ್ಲಿ ಅದನ್ನು ಎಲ್ಲರ ಮುಂದೆ ಆಡಿಸಿದರು. 1896ರ ಕಾನೂನು ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲೇ ಆಗಬೇಕು ಎಂದಿತು. ಟೂಟೂ ಮನೆಯಲ್ಲಿ ದೊಡ್ಡವರು ತಮ್ಮ ತಮ್ಮಲ್ಲೇ ಹವಾಯಿ ಮಾತಾಡುತ್ತಿದ್ದರಂತೆ, ಮಕ್ಕಳ ಕಡೆ ತಿರುಗಿದರೆ ಇಂಗ್ಲಿಷ್. ಹಾಗಾಗಿ ಅಪ್ಪನಿಗೂ ಭಾಷೆ ಬರಲಿಲ್ಲ.

ಕಳೆದ ಭಾನುವಾರ ಲಾನೈಯಲ್ಲಿ, ಅಂದರೆ ಜಗಲಿಯಲ್ಲಿ, ಕೂತು ನೋಟ್‌ಬುಕ್ ನೋಡಿಕೊಂಡು ಮೆಲೆ ಹೇಳಿದೆ. ಹೊರಗೆ ಮಳೆ. ಹಿಲೊದ ಈ ಮಳೆಗೆ ಕನಿಲೆಹುಅ ಅಂತ ಹೆಸರೇ ಇದೆ. ಸಮುದ್ರ ಶಾಂತವಾಗಿದೆ ಅನ್ನುವ ಸಾಲಿನಲ್ಲಿ ಟೂಟೂ ನನ್ನ ಮೊಣಕೈ ಹಿಡಿದರು. "ಮಾ... ಮಾಲಿಎ" ಎಂದರು, ಮಾ ಎಳೆದು. ನಾನು ಮಲಿಎ ಅಂತ ಬರೆದುಕೊಂಡಿದ್ದೆ. ಪೆನ್ ತೆಗೆದು ದೀರ್ಘ ಹಾಕುವಷ್ಟರಲ್ಲಿ ಟೂಟೂ ಮುಂದಿನ ಸಾಲನ್ನು ಪೂರ್ತಿ ಹೇಳಿ ಮುಗಿಸಿದ್ದರು. ಅವರ ಬಾಯಲ್ಲಿ ಹವಾಯಿ ಭಾಷೆಯ ಇಡೀ ಸಾಲೊಂದನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ತಿಂಗಳು ಉವೆಹೆ ಹೆಜ್ಜೆ. ಟೂಟೂ ಬಂದು ಹಾಲೌನಲ್ಲಿ ಕೂರುತ್ತೇನೆ ಎಂದಿದ್ದಾರೆ.