ಮಾತ್ರೆ ಮುಟ್ಟದ 81 ಜನ

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಸೇರಿ 2019ರಲ್ಲಿ ಪ್ರಕಟಿಸಿದ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವಂಥ ಮಾನಸಿಕ ಕಾಯಿಲೆ) ಕುರಿತ ಅಧ್ಯಯನವೊಂದು ನಿನ್ನೆಯಿಂದ ತಲೆಯಲ್ಲೇ ಕೂತಿದೆ. ಸುಮ್ನೆ ಮಲಗಿದ್ದಾಗ ಮೆದುಳಿನ ರಕ್ತದಲ್ಲಿ ಆಮ್ಲಜನಕ ಹೇಗೆ ಏರಿಳಿಯುತ್ತದೆ ಎಂದು ಎಫ್‌ಎಂಆರ್‌ಐ ಎಂಬ ಸ್ಕ್ಯಾನ್ ನೋಡುತ್ತದೆ. ಯಾವ ಭಾಗ ಯಾವುದರ ಜೊತೆ ತಾಳ ಹಾಕುತ್ತಿದೆ ಅಂತ ಅದರಿಂದ ಗೊತ್ತಾಗುತ್ತದೆ. 81 ರೋಗಿಗಳು, 93 ಆರೋಗ್ಯವಂತರ ಸ್ಕ್ಯಾನ್ ಕೊಟ್ಟು, ಯಾರಿಗೆ ಕಾಯಿಲೆ ಇದೆ, ಯಾರಿಗಿಲ್ಲ ಎಂದು ಗುರುತಿಸುವುದನ್ನು ಕಂಪ್ಯೂಟರ್‌ಗೆ ಕಲಿಸಿದರು. ನೂರಕ್ಕೆ ಸುಮಾರು 87 ಸಲ ಅದು ಸರಿಯಾಗಿ ಹೇಳಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿವರ. ಆ 81 ಜನ ಅಲ್ಲಿಯವರೆಗೆ ಈ ಕಾಯಿಲೆಗೆ ಮಾತ್ರೆಯನ್ನೇ ತೆಗೆದುಕೊಂಡಿರಲಿಲ್ಲ. ಮಾತ್ರೆಯೂ ಮೆದುಳನ್ನು ಬದಲಿಸಬಹುದು. ಹಾಗಾಗಿ ಸ್ಕ್ಯಾನ್‌ನಲ್ಲಿ ಕಂಡದ್ದು ಕಾಯಿಲೆಯೋ ಔಷಧಿಯೋ ಎಂಬ ಗೊಂದಲ ಇಲ್ಲಿಲ್ಲ. ಅಂಥ ರೋಗಿಗಳು ನಮ್ಮಲ್ಲಿ ಸಿಗುವುದಕ್ಕೆ ಕಾರಣ ಖುಷಿಪಡುವಂಥದ್ದೇನಲ್ಲ ಬಿಡಿ. ಹುಡುಗ ಮಾತು ಬಿಟ್ಟ ಅಂದರೆ ಮೊದಲು ದೇವಸ್ಥಾನ, ಆಮೇಲೆ ತಾಯತ, ಅದಾದ ಮೇಲೆ 'ಮದುವೆ ಮಾಡಿ, ಸರಿಹೋಗುತ್ತಾನೆ'. ಆಸ್ಪತ್ರೆಯ ಸರದಿ ಬರುವಷ್ಟರಲ್ಲಿ ಎಷ್ಟೋ ಕಾಲ ಕಳೆದಿರುತ್ತದೆ.

ಆದರೆ ಇವರೆಲ್ಲ ಕಾಯಿಲೆ ಇದೆ ಎಂದು ಡಾಕ್ಟರ್ ಆಗಲೇ ಗುರುತಿಸಿದ್ದವರು. ಇನ್ನೂ ಕಾಣಿಸಿಕೊಳ್ಳದ್ದನ್ನು ಮುಂಚೆಯೇ ಹೇಳುವುದು ಬೇರೆಯದೇ ಕೆಲಸ. ಇವತ್ತಿಗೂ ಡಾಕ್ಟರ್ ನಿರ್ಧರಿಸುವುದು ರೋಗಿಯನ್ನು ಮಾತಾಡಿಸಿ, ಮನೆಯವರನ್ನು ಕೇಳಿಯೇ. ಸ್ಕ್ಯಾನ್ ಮಾಡಿಸಿದರೂ ಜಾಸ್ತಿ ಅದು ಗೆಡ್ಡೆ ಗಿಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು.

ನಾಳೆ ಹದಿನೆಂಟರ ಹುಡುಗಿಯೊಬ್ಬಳಿಗೆ 'ನಿನಗೆ ಬರಬಹುದು' ಎಂದು ಯಂತ್ರ ಹೇಳಿ, ಅದು ತಪ್ಪಾದರೆ? ನಮ್ಮ ಕಡೆ ಅಂಥ ರಿಪೋರ್ಟ್ ಒಮ್ಮೆ ನೆಂಟರ ಕಿವಿಗೆ ಬಿದ್ದರೆ ಮುಗಿಯಿತು, ಅಲ್ವಾ? ಅದನ್ನು ಮೊದಲು ಯಾರಿಗೆ ಹೇಳಬೇಕು, ಅವಳಿಗೋ ಅಪ್ಪ ಅಮ್ಮನಿಗೋ?