ಸೋಲುವುದು ಯಾರೆಂದು ಗೊತ್ತಿದ್ದೂ ಯಾಕೆ ಆಡುತ್ತೀರಿ?

ಹಳೇ ಕಾಲದ ಯುದ್ಧಗಳನ್ನು ಗೊಂಬೆ ಸೈನಿಕರನ್ನಿಟ್ಟು, ದಾಳ ಹಾಕಿ ಆಡುವವರು ನಾವು. ಜನ ಕೇಳುವ ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಹೌದು, ಗೊಂಬೆಗಳೇ. 15 ಮಿಲಿಮೀಟರ್ ಎತ್ತರದ ಲೋಹದ ಸೈನಿಕರು. ಬಣ್ಣ ನಾವೇ ಹಚ್ಚುತ್ತೇವೆ. ಎಷ್ಟು ದುಡ್ಡಾಯಿತು ಎಂದು ಹೇಳುವುದಿಲ್ಲ, ಇದನ್ನು ಮನೆಯವರೂ ಓದುತ್ತಾರೆ.

ಉಳಿದದ್ದು ಎಲ್ಲರೂ ಕೇಳುವ ಪ್ರಶ್ನೆ. "ಹ್ಯಾನಿಬಲ್ ಸೋತದ್ದು ಪುಸ್ತಕದಲ್ಲೇ ಇದೆ. ಮತ್ತೆ ಯಾಕೆ ಆಡ್ತೀರಿ?"

ಕಾಸರಗೋಡಿನ ಬದಿಯಡ್ಕ ಸುತ್ತಮುತ್ತಲಿನ ನಾವು ಕೆಲವರು ಮಳೆಗಾಲದ ಭಾನುವಾರಗಳಲ್ಲಿ ಎರಡನೇ ಪ್ಯೂನಿಕ್ ಯುದ್ಧ ಆಡುತ್ತೇವೆ. ರೋಮ್ ಮತ್ತು ಉತ್ತರ ಆಫ್ರಿಕಾದ ಕಾರ್ತೇಜ್ ನಡುವೆ ಕ್ರಿ.ಪೂ. 218ರಿಂದ 201ರವರೆಗೆ ನಡೆದದ್ದು. ಇಟಲಿಗೇ ನುಗ್ಗಿದ ಕಾರ್ತೇಜ್ ದಂಡನಾಯಕ ಈ ಹ್ಯಾನಿಬಲ್. ಬಿಡಿ ಕಾಳಗಗಳಲ್ಲ, ಒಂದಕ್ಕೊಂದು ಕೊಂಡಿ ಹಾಕಿದ ಕ್ಯಾಂಪೇನ್. ಈ ವಾರ ಸತ್ತವರು ಮುಂದಿನ ವಾರ ಇರುವುದಿಲ್ಲ. ಯಾವುದೋ ಉದ್ಘಾಟನೆಯ ಹಳೇ ಫ್ಲೆಕ್ಸ್‌ನ ಹಿಂಬದಿಯಲ್ಲಿ ಇಟಲಿಯ ನಕ್ಷೆ. ಯಾವ ಸೈನ್ಯ ಎಲ್ಲಿಗೆ ಎಂದು ಗುರುವಾರ ರಾತ್ರಿಯೊಳಗೆ ನನಗೆ ವಾಟ್ಸಾಪ್ ಮಾಡಬೇಕು. ಎರಡು ಸೈನ್ಯ ಒಂದೇ ಕಡೆ ಬಂದರೆ ಭಾನುವಾರ ಎರಡಡಿ ಚೌಕದ ಹಲಗೆಯ ಮೇಲೆ ಯುದ್ಧ. ಕಾಳಗಕ್ಕೆ ಡಿ.ಬಿ.ಎ. (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಎಂಬ ನಿಯಮಪುಸ್ತಕ, 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. ಒಂದು ಕಡೆಗೆ 12 ತುಕಡಿ, ಅಷ್ಟೇ. ನಾನು ತೀರ್ಪುಗಾರ. ಹಾಗಾಗಿ ಎಲ್ಲರ ಬೈಗುಳವೂ ನನಗೇ.

ಕಳೆದ ವರ್ಷ ಒಂದು ಮದುವೆ ಊಟದ ಪಂಕ್ತಿಯಲ್ಲಿ ಮಾವ ಒಬ್ಬರು ಇಡೀ ಸಾಲಿಗೆ ಕೇಳುವ ಹಾಗೆ ಇದನ್ನೇ ಕೇಳಿದರು. "ಅಲ್ಲ ಮಾರಾಯ, ಗೆದ್ದದ್ದು ರೋಮ್ ಅಂತ ಗೊತ್ತುಂಟಲ್ಲ. ನೀವು ದಾಳ ಹಾಕಿ ಎಂತ ನೋಡುವುದು?" ಎಲ್ಲರೂ ನಕ್ಕರು. ಪಾಯಸ ಬಂತು.

ಈ ಮಾವ ಮಳೆಗಾಲದಲ್ಲಿ ಒಂದು ತಾಳಮದ್ದಳೆ ಬಿಡುವವರಲ್ಲ. ವಾಲಿ ವಧೆ ಇದ್ದರೆ ಎಷ್ಟು ದೂರವಾದರೂ ಸರಿ. ವಾಲಿ ಸಾಯುತ್ತಾನೆ ಎಂದು ಅವರಿಗೆ ಗೊತ್ತಿಲ್ವಾ? ಬಾಣ ಬಿದ್ದ ಮೇಲೆ ವಾಲಿ ಕೇಳುವ ಪ್ರಶ್ನೆಗಳಿಗೆ ರಾಮನ ಅರ್ಥಧಾರಿ ತಡವರಿಸಿದರೆ ಮರುದಿನ ಪೇಟೆಯಲ್ಲೆಲ್ಲ ಅದೇ ಸುದ್ದಿ ಹೇಳುತ್ತಾರೆ. ಅಲ್ಲಿ ಇವರು ರಸಿಕರು, ಇಲ್ಲಿ ನಾವು ಕೆಲಸ ಇಲ್ಲದವರು. ಇರಲಿ.

ನನಗೆ ಬೇಕಾದ ಪ್ರಶ್ನೆ ಬೇರೆ. ಕಳೆದ ವಾರ ಸೋತವನು ಈ ವಾರ ಮಳೆಯಲ್ಲಿ ಬೈಕ್ ಹತ್ತಿ ಯಾಕೆ ಬರುತ್ತಾನೆ? ಇದನ್ನು ಯಾರೂ ಕೇಳುವುದಿಲ್ಲ. ತೀರ್ಪುಗಾರನ ತಲೆಬಿಸಿ ಪೂರ್ತಿ ಇದೇ. ಮೊದಲ ಕಾಳಗ ಗೆದ್ದವನು ದೊಡ್ಡವನಾಗುತ್ತಾ ಹೋದರೆ ಮೂರನೇ ವಾರಕ್ಕೆ ಆಟ ಮುಗಿಯಿತು.

ಅದಕ್ಕೆ ನಮ್ಮದೇ ಕೆಲವು ನಿಯಮ. ಆ ಕಾಲದ ಯುದ್ಧಗಳಲ್ಲಿ ಸಾಲು ಮುರಿದು ಓಡುವಾಗಲೇ ಜನ ಜಾಸ್ತಿ ಸಾಯುತ್ತಿದ್ದರು. ಹಾಗಾಗಿ ಮೈದಾನ ಉಳಿಸಿಕೊಂಡವನಿಗೆ ಕಳೆದ ತುಕಡಿಗಳಲ್ಲಿ ಅರ್ಧ ವಾಪಸ್, ಓಡಿದವನಿಗೆ ಕಾಲು ಭಾಗ. ಸೋಲುವ ಮೊದಲೇ ಜಾಣತನದಿಂದ ಹಿಂದೆ ಸರಿದವನಿಗೂ ಅರ್ಧ. ಆದರೆ ಹೊಸ ಸೈನ್ಯ ಕಟ್ಟುವ ಶಕ್ತಿ ರೋಮ್‌ಗೇ ಹೆಚ್ಚು. ಕ್ರಿ.ಪೂ. 216ರಲ್ಲಿ ಕ್ಯಾನೆ ಯುದ್ಧದಲ್ಲಿ ಹ್ಯಾನಿಬಲ್ ಕೈಯಲ್ಲಿ ಸೋತು ಸಾವಿರಾರು ಜನ ಸತ್ತ ಮೇಲೂ ರೋಮ್ 8,000 ಗುಲಾಮರನ್ನು ಕೊಂಡು ಕೈಗೆ ಆಯುಧ ಕೊಟ್ಟಿತು. ಹ್ಯಾನಿಬಲ್‌ಗೆ ಗೆದ್ದರೂ ಜನ ಕಮ್ಮಿ. ಈ ಲೆಕ್ಕ ಒಂದೇ ಕಾಳಗ ಆಡಿದರೆ ಕಾಣುವುದಿಲ್ಲ.

ಆನೆಗಳದ್ದೂ ಹಾಗೆಯೇ. ನಮ್ಮ ಕಾರ್ತೇಜ್ ಆಟಗಾರ ಆನೆಗಳಿಗೆ ಎಷ್ಟು ಚೆಂದ ಬಣ್ಣ ಹಚ್ಚಿದ್ದ ಎಂದರೆ ಉಗುರು ಕೂಡ ಬೇರೆ ಬಣ್ಣ. ಹ್ಯಾನಿಬಲ್ 37 ಆನೆ ತಂದಿದ್ದನಂತೆ. ಟ್ರೆಬಿಯಾ ಯುದ್ಧದ ನಂತರದ ಚಳಿಗೆ ಹೆಚ್ಚಿನವು ಸತ್ತವು. ನಮ್ಮಲ್ಲೂ ಚಳಿಗಾಲಕ್ಕೆ ಒಂದು ದಾಳ ಹಾಕಬೇಕು. ಇವನಿಗೆ ಒಂದು ಬಿತ್ತು. ಆನೆಗಳು ಹಲಗೆಗೆ ಇಳಿಯುವ ಮೊದಲೇ ಡಬ್ಬಿಗೆ ಹೋದವು. ಎರಡು ದಿನ ಅವನು ನನ್ನ ಫೋನ್ ಎತ್ತಲಿಲ್ಲ.

ಆದರೂ ಬಂದ. ಯಾಕೆಂದರೆ ಅತ್ತ ರೋಮ್‌ಗೂ ತೊಂದರೆ ಆಗಿತ್ತು. ರೋಮ್ ಆಡುವವನಿಗೆ ಅಡಿಕೆ ತೋಟ. ಮಳೆ ಬಿಟ್ಟ ಹೊತ್ತಿಗೆ ಮದ್ದು ಬಿಡುವವರು ಸಿಕ್ಕಿದರೆ ರೋಮ್, ಇಟಲಿ ಎಲ್ಲ ಆಮೇಲೆ. ಅವನ ಆದೇಶ ಬರಲೇ ಇಲ್ಲ. ಆದೇಶ ಇಲ್ಲದಿದ್ದರೆ ಸೈನ್ಯ ಗುಡ್ಡದ ಮೇಲಿನ ಶಿಬಿರದಲ್ಲೇ ಕೂರುತ್ತದೆ. ಕೆಳಗೆ ಕಾರ್ತೇಜ್ ಯುದ್ಧಕ್ಕೆ ಕಾದು ಕಾದು ಇದ್ದ ದವಸವನ್ನೆಲ್ಲ ತಿಂದು ಮುಗಿಸಿತು. ಕ್ರಿ.ಪೂ. 217ರಲ್ಲಿ ಫೇಬಿಯಸ್ ಎಂಬ ರೋಮನ್ ದಂಡನಾಯಕ ಬೇಕೆಂದೇ ಮಾಡಿದ್ದು ಇದನ್ನೇ. ಎದುರು ನಿಂತು ಕಾದಾಡದೆ ಹ್ಯಾನಿಬಲ್‌ನನ್ನು ಸತಾಯಿಸಿದ. ಇವನು ಕೊಳೆರೋಗದ ಹೆದರಿಕೆಯಿಂದ ಅಲ್ಲಿಗೇ ಬಂದು ಮುಟ್ಟಿದ. ಈಗ ಅದು ತನ್ನ ತಂತ್ರ ಅಂತಲೇ ಹೇಳಿಕೊಂಡು ತಿರುಗುತ್ತಿದ್ದಾನೆ!

ಮಾವನಿಗೆ ಇದನ್ನೆಲ್ಲ ಹೇಳಬೇಕಿತ್ತು. ಪಾಯಸದ ಮುಂದೆ ಆಗಲಿಲ್ಲ.

ಅಂದ ಹಾಗೆ, ನಮ್ಮ ನುಮಿಡಿಯಾ (ಕಾರ್ತೇಜ್ ಪಕ್ಕದ ರಾಜ್ಯ) ಆಟಗಾರನಿಗೆ ದುಬೈಯಲ್ಲಿ ಕೆಲಸ ಸಿಕ್ಕಿದೆ, ಜಾಗ ಖಾಲಿ ಇದೆ. ಒಳ್ಳೆಯ ಕುದುರೆ ಸವಾರರು, ಸುಮ್ನೆ ಬಂದು ಕೂತರೆ ಸಾಕು, ಬಣ್ಣ ಹಚ್ಚಿ ಆಗಿದೆ. ನುಮಿಡಿಯಾದ ರಾಜಕುಮಾರ ಮಾಸಿನಿಸ್ಸ ಕಾರ್ತೇಜ್ ಪರ ಕಾದಾಡಿ ಆಮೇಲೆ ರೋಮ್ ಕಡೆ ಸೇರಿದ. ನೀವೂ ಪಕ್ಷ ಬದಲಿಸಬಹುದು, ಆದರೆ ಗುರುವಾರದೊಳಗೆ ನನಗೆ ವಾಟ್ಸಾಪ್ ಮಾಡಬೇಕು.